ಖಡಕ್ ರೊಟ್ಟಿಯ ಸವಾರಿ

ಬಸವಲಿಂಗನಿಗೆ ಡ್ರೈವಿಂಗ್ ಲೈಸೆನ್ಸು ಸಿಗಲಿಲ್ಲ. ಮುಂದಿನದಕ್ಕೆಲ್ಲ ಅದೇ ಮೂಲ. ಪರೀಕ್ಷೆಯ ಮೈದಾನದಲ್ಲಿ ಕಾಲು ನೆಲಕ್ಕೆ ತಾಗಿಸದೆ ಬೈಕಿನ ಮೇಲೆ ಎಂಟರ ಅಂಕಿ ಬರೆಯಬೇಕಿತ್ತು. ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ, ತಕ್ಕಡಿಯ ಪಕ್ಕ ಕೂತು ದಿನವಿಡೀ ಅಂಕಿ ಬರೆಯುವುದೇ ಅವನ ಉದ್ಯೋಗ. ಆದರೆ ಬೈಕಿನ ಮೇಲೆ ಕೂತು ಬರೆದದ್ದು ಮೊದಲ ಸಲ ಸೊನ್ನೆ, ಎರಡನೇ ಸಲ ಅರ್ಧ ಮೂರು, ಆಮೇಲಿನದು ಕನ್ನಡದಲ್ಲೂ ಮರಾಠಿಯಲ್ಲೂ ಇಲ್ಲದ ಒಂದು ಅಂಕಿ. ಪರೀಕ್ಷೆ ಮಾಡಿದ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, ಬಸ್ಸು ಬಹಳ ಒಳ್ಳೆಯ ವಾಹನ ಎಂದು ಸಮಾಧಾನ ಹೇಳಿ ಕಳಿಸಿದರು.

ಬಸ್ಸು ಒಳ್ಳೆಯ ವಾಹನವೇ. ಬಂದರೆ.

ಹೀಗಿರುವಾಗ ಪುಣೆಯ ಕ್ಯಾಂಪ್ ಬಡಾವಣೆಯ ಅಂಗಡಿಯೊಂದರಲ್ಲಿ ಒಂದು ಎಲೆಕ್ಟ್ರಿಕ್ ಸೈಕಲ್ಲು ಕಣ್ಣಿಗೆ ಬಿತ್ತು. ಲೈಸೆನ್ಸು ಬೇಡ, ಪೆಟ್ರೋಲು ಬೇಡ, ನಂಬರ್ ಪ್ಲೇಟೂ ಬೇಡ. ನೋಡಲಿಕ್ಕೆ ಸಾದಾ ಸೈಕಲ್ಲು. ನಡುವಿನ ಕೊಳವೆಗೆ ಅಂಟಿಕೊಂಡ ಕಪ್ಪು ಬ್ಯಾಟರಿ, ಹಿಂದಿನ ಗಾಲಿಯ ಹೊಟ್ಟೆಯಲ್ಲಿ ಮೋಟರು, ಗೇರು ಒಂದೇ. ತುಳಿದರೂ ಹೋಗುತ್ತದೆ, ಬಲಗೈಯ ಹಿಡಿ ತಿರುವಿ ದೊಡ್ಡ ಮನುಷ್ಯನ ಹಾಗೆ ಸುಮ್ಮನೆ ಕೂತರೂ ಹೋಗುತ್ತದೆ.

"ಗೇರ್ ಏಕಚ್ ಆಹೆ ಸಾಹೇಬ್, ಬಿಘಡಣಾರ್ ಕಾಯ್?" ಎಂದ ಅಂಗಡಿಯವನು.

ಗೇರು ಒಂದೇ ಇದ್ದಮೇಲೆ ಕೆಡುವುದಾದರೂ ಏನು? ಈ ತರ್ಕ ಬಸವಲಿಂಗನ ಮನಸ್ಸಿಗೆ ನಾಟಿತು. ಅವನ ಸ್ವಂತ ಬದುಕೂ ಹಾಗೇ ನಡೆದಿತ್ತಲ್ಲ. ಮನೆ, ಅಂಗಡಿ, ಮನೆ. ಏರು ಬರಲಿ, ಇಳಿಜಾರು ಬರಲಿ, ಅದೇ ವೇಗ. ತನ್ನಂಥದೇ ಒಂದು ಗಾಡಿ ಜಗತ್ತಿನಲ್ಲಿ ತಯಾರಾಗಿದೆ ಎಂದು ತಿಳಿದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಸಾಲ ಮಾಡಿ ಕೊಂಡೇಬಿಟ್ಟ.

ಅಂಗಡಿಯ ಮಾಲೀಕರು ಸಿದ್ದಲಿಂಗಪ್ಪ ಸಾವ್ಕಾರರು, ಬ್ಯಾಡಗಿ ಕಡೆಯವರು. ಬಸವಲಿಂಗನ ತಂದೆಯೂ ಅವರ ಅಂಗಡಿಯಲ್ಲೇ ಬರೆಯುತ್ತಿದ್ದವರು; ಅವರು ತೀರಿಕೊಂಡ ಮೇಲೆ ಅದೇ ಕುರ್ಚಿ ಮಗನಿಗೆ ಬಂದಿತ್ತು. ಹೊಸ ಗಾಡಿಯನ್ನು ಸಾವ್ಕಾರರು ಸುತ್ತಲೂ ತಿರುಗಿ ನೋಡಿದರು. ಸೀಟು ತಟ್ಟಿದರು, ಗಂಟೆ ಬಾರಿಸಿದರು.

"ಹಂಗಾರ ಇದನ್ನ ತುಳೀಬೇಕೇನು?"

"ತುಳೀಬಹುದ್ರಿ. ತುಳೀಲಿಲ್ಲಂದ್ರೂ ನಡೀತದ್ರಿ."

"ಮತ್ತ ಕರೆಂಟೂ ಕುಡಸ್ತಿ?"

"ಹೌದ್ರಿ."

"ಶಾಣ್ಯಾ ಅದಿ ನೋಡ ಬಸ್ಯಾ. ಎತ್ತಿಗೆ ಹುಲ್ಲೂ ಹಾಕಿ, ಬಂಡೀನೂ ನೀನ ಎಳದಂಗಾತು!"

ಅವತ್ತಿನಿಂದ ಗಾಡಿಗೆ 'ಕರೆಂಟಿನ ಕತ್ತೆ' ಎಂದು ಹೆಸರಾಯಿತು. ಹಮಾಲರು ಬೆಳಿಗ್ಗೆ ರಾಮ್ ರಾಮ್ ಹೇಳುವಾಗ ಅವನಿಗೊಮ್ಮೆ, ಕತ್ತೆಗೊಮ್ಮೆ ಹೇಳತೊಡಗಿದರು.

ಗಾಡಿ ಹೊಗೆ ಬಿಡುತ್ತಿರಲಿಲ್ಲ ನಿಜ. ಆದರೆ ಸವಾರ ಘಾಟು ಬಿಡುತ್ತಿದ್ದ. ದಿನವಿಡೀ ಮೆಣಸಿನಕಾಯಿ ಚೀಲಗಳ ನಡುವೆ ಕೂತ ಅಂಗಿಯಲ್ಲಿ ಕೆಂಪು ದೂಳು ಅರ್ಧ ತುಂಬಿರುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಅದು ಬಸ್ಸಿನೊಳಗಿನವರ ಕಷ್ಟ ಮಾತ್ರ ಆಗಿತ್ತು. ಈಗ ಸಂಜೆಯ ಗಾಳಿಗೆ ಅಂಗಿ ಪಟಪಟ ಬಡಿದುಕೊಂಡು, ಅವನ ಹಿಂದೆ ಬರುವ ಅಷ್ಟೂ ಜನಕ್ಕೆ ಹಂಚಿಕೆಯಾಗುತ್ತಿತ್ತು. ಗಂಗಾಧಾಮ ಚೌಕದ ಸಿಗ್ನಲ್ಲಿನಲ್ಲಿ ಅವನು ನಿಂತರೆ ಹಿಂದಿನ ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರು ಸೀನುತ್ತಿದ್ದರು. ಒಮ್ಮೆ ಮುಖಕ್ಕೆ ಸ್ಕಾರ್ಫು ಬಿಗಿದ ಸ್ಕೂಟರಿನ ಹೆಂಗಸೊಬ್ಬಳು, "ಅಹೋ, ಮಿರಚಿ ಕಾ ಉಧಳತಾಯ್?" ಎಂದು ಗದರಿದಾಗ, ಯಾರಪ್ಪಾ ರಸ್ತೆಯಲ್ಲಿ ಮೆಣಸಿನಪುಡಿ ತೂರುತ್ತಿರುವವರು ಎಂದು ಅವನೂ ತಿರುಗಿ ಹುಡುಕಿದ್ದ. ಅವನ ಮೂಗಿಗೆ ಆ ವಾಸನೆ ಗೊತ್ತಾಗುವುದು ನಿಂತು ವರ್ಷಗಳಾಗಿದ್ದವು.

ಮನೆ ಬಿಬವೇವಾಡಿಯ ಏರಿನಲ್ಲಿ. ಗಾಡಿ ಕೆಳಗೆ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ಬುತ್ತಿಗಂಟಿನ ಹಾಗೆ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲೇರಬೇಕು. ಮೇಲೆ ಅಡುಗೆಮನೆಯ ಕಟ್ಟೆಯ ಬಳಿ ಇರುವ ಪ್ಲಗ್ಗು ಒಂದೇ. ಅದರ ಮೇಲೆ ಮೊದಲಿನಿಂದ ಅವ್ವನ ಮಿಕ್ಸರಿನ ಹಕ್ಕು. ಅವ್ವ ಶಿವಗಂಗವ್ವ ಶೇಂಗಾ ಚಟ್ನಿ, ಅಗಸಿ ಚಟ್ನಿ ಎಂದು ಯಾವಾಗಲೂ ಏನಾದರೊಂದು ಪುಡಿ ಮಾಡುತ್ತಲೇ ಇರುವವಳು. ಮಿಕ್ಸರು ಬೇಕಾದಾಗ ಚಾರ್ಜರನ್ನು ಕಿತ್ತು ಬದಿಗಿಡುವಳು. ಮತ್ತೆ ಹಾಕುವುದು ನೆನಪಾದರೆ ಪುಣ್ಯ.

"ಯವ್ವಾ, ಬ್ಯಾಟರಿ ಅರ್ಧ ಆಗೇದ ಅಷ್ಟ!"

"ಅರ್ಧ ತಾಸಿನ ಹಾದಿಗೆ ಅದಕ್ಕೆಷ್ಟು ಊಟ ಬೇಕೋ? ಸುಮ್ನ ತುಳಕೋತ ಹೋಗು. ಹೊಟ್ಟಿ ಕರಗ್ತದ."

ಹೀಗೆ ಎಲ್ಲರೂ ನಕ್ಕು, ಕತ್ತೆಯೂ ಹೊಂದಿಕೊಂಡು ದಿನ ಸಾಗಿದ್ದಾಗ ತಂಗಿ ನೀತಾಳ ಕುಬಸದ ದಿನ ಗೊತ್ತಾಯಿತು.

ನೀತಾಳನ್ನು ಕೊಟ್ಟದ್ದು ಹಡಪಸರಕ್ಕೆ. ಗಂಡ ಶಿವಪ್ರಕಾಶ ಅಲ್ಲಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಒಳ್ಳೆಯವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ಯಮನವ್ವನೇ ಆಡಿಬಿಡುತ್ತಿದ್ದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಆರತಿ ಮಾಡುವ ದಿನ ತವರಿನಿಂದ ಬುತ್ತಿ ಹೋಗಬೇಕು. ಬುತ್ತಿಯಲ್ಲಿ ಎಲ್ಲಕ್ಕಿಂತ ಮೊದಲು ಖಡಕ್ ರೊಟ್ಟಿ. ಕಾಗದದಷ್ಟು ತೆಳ್ಳಗೆ ಬಡಿದು, ಕಾಯಿಸಿ, ಹಪ್ಪಳದ ಹಾಗೆ ಒಣಗಿಸಿದ ಜೋಳದ ರೊಟ್ಟಿ. ತಿಂಗಳಿಟ್ಟರೂ ಕೆಡುವುದಿಲ್ಲ, ಆದರೆ ಬೆರಳು ತಾಗಿದರೆ ಚೂರು.

ಶಿವಗಂಗವ್ವನಿಗೆ ಇಲ್ಲೊಂದು ಹಳೆಯ ಗಾಯವಿತ್ತು. ನೀತಾಳ ನಿಶ್ಚಯದ ದಿನ ಅವಳು ಇಂಥದೇ ರೊಟ್ಟಿಯನ್ನು ರಿಕ್ಷಾದಲ್ಲಿ, ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಹಡಪಸರಕ್ಕೆ ಒಯ್ದಿದ್ದಳು. ಪುಣೆಯಲ್ಲಿ ಎರಡು ಮನೆಗೊಂದು ಸ್ಪೀಡ್ ಬ್ರೇಕರು. ಪ್ರತಿಯೊಂದರ ಮೇಲೂ ರಿಕ್ಷಾ ಹಾರಿತು, ರಿಕ್ಷಾದೊಳಗೆ ಅವ್ವ ಹಾರಿದಳು, ಅವ್ವನ ತೊಡೆಯ ಮೇಲೆ ರೊಟ್ಟಿ ಹಾರಿತು. ನೆರೆದ ಬೀಗರ ನಡುವೆ ಗಂಟು ಬಿಚ್ಚಿದಾಗ ಯಮನವ್ವ ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ ಅಂದದ್ದು ಒಂದೇ ಮಾತು:

"ಬೀಗ್ರು ಚುರುಮುರಿ ಭಾಳ ತಂದಾರ್ರಿ. ರೊಟ್ಟಿ ಹಿಂದಿಂದ ಬರ್ತಾವೇನು?"

ಅಷ್ಟೇ. ಮದುವೆ ಚೆನ್ನಾಗಿಯೇ ಆಯಿತು. ಆದರೆ ಆ ಮಾತು ಶಿವಗಂಗವ್ವನ ಗಂಟಲಲ್ಲಿ ರೊಟ್ಟಿಯ ಚೂರಿನ ಹಾಗೆ ಸಿಕ್ಕಿಕೊಂಡಿತು. ಈ ಸಲ ಇಡೀ ರೊಟ್ಟಿ ಆ ಮನೆಯ ಹೊಸ್ತಿಲು ದಾಟಬೇಕು. ಇನ್ನು ಬೇರೇನೂ ಅವಳಿಗೆ ಬೇಕಿರಲಿಲ್ಲ.

ಮಂದಿ ಹೋಗಲಿಕ್ಕೆ ಸಾವ್ಕಾರರು ಅಂಗಡಿಯ ಟೆಂಪೋ ಕೊಟ್ಟರು. ತಂದೆಯ ಜಾಗದಲ್ಲಿ ತಾವೇ ಬರುತ್ತೇನೆಂದರು. ಆದರೆ ಟೆಂಪೋ ರಿಕ್ಷಾದ ಅಣ್ಣ. ರೊಟ್ಟಿ ಹೇಗೆ? ಆಗ ಬಸವಲಿಂಗನ ಬಾಯಿಂದ ಅವನ ಅಪ್ಪಣೆ ಇಲ್ಲದೆಯೇ ಮಾತು ಹೊರಬಿತ್ತು:

"ನನ್ನ ಗಾಡಿ ಮ್ಯಾಲ ಒಯ್ತೀನಿ. ಅದು ಹಾರೂದಿಲ್ಲ, ಓಡೂದೂ ಇಲ್ಲ. ಒಂದ ರೊಟ್ಟಿ ಒಡದ್ರೂ ಗಾಡಿ ಗುಜರಿ ಭಂಗಾರವಾಲಾಗ ಹಾಕಿ ಮತ್ತ ಬಸ್ಸ ಹಿಡೀತೀನಿ."

"ಹಂಗಾರ ಭಂಗಾರವಾಲಾಗ ಈಗ ಹೇಳಿಡ್ಲೇನೋ?" ಎಂದರು ಸಾವ್ಕಾರರು.

ಆಡಿದ ಮೇಲೆ ಹೆದರಿಕೆಯಾಯಿತು. ಕ್ಯಾರಿಯರಿನ ಮೇಲೆ ಬುಟ್ಟಿ ಕಟ್ಟಿ, ಪರೀಕ್ಷೆಗೆ ಒಂದಿಷ್ಟು ಹಪ್ಪಳ ಹಾಕಿಕೊಂಡು ಬಿಬವೇವಾಡಿ ಸುತ್ತಿಬಂದ. ಹಪ್ಪಳ ಸಂಡಿಗೆಯಾಗಿ ಬಂದವು. ಟೈರಿನ ಗಾಳಿ ಅರ್ಧಕ್ಕೆ ಇಳಿಸಿದ. ಹಪ್ಪಳ ತುಂಡಾಗಿ ಬಂದವು. ಬುಟ್ಟಿಯ ತಳಕ್ಕೂ ಸುತ್ತಲೂ ಅಂಗಡಿಯಿಂದ ತಂದ ಖಾಲಿ ಗೋಣಿಚೀಲಗಳನ್ನು ಮಡಚಿ ಹಾಸಿಗೆಯ ಹಾಗೆ ಒತ್ತಿದ. ಹಪ್ಪಳ ಹೋದ ಹಾಗೇ ಬಂದವು. ಚೀಲಗಳನ್ನು ಅವನು ಗೋಡೆಗೆ ಬಡಿದು ಝಾಡಿಸಿದ್ದ. ಅವ್ವ ಕೂಡ ಒಂದು ಚೀಲ ಎತ್ತಿ ಮೂಗಿಗೆ ಹಿಡಿದು, "ಸ್ವಚ್ಛ ಅದಾವ. ಏನೂ ವಾಸನಿಲ್ಲ," ಎಂದಳು. ಗಂಡ, ಆಮೇಲೆ ಮಗ, ಇಬ್ಬರ ಅಂಗಿಯನ್ನೂ ಒಗೆದು ಒಗೆದು ಅವಳ ಮೂಗೂ ಆ ಘಾಟಿಗೆ ಯಾವಾಗಲೋ ಕೈಮುಗಿದಿತ್ತು.

ಭಾನುವಾರ ಬೆಳಿಗ್ಗೆ ಬಿಳಿ ಧೋತರದಲ್ಲಿ ಸುತ್ತಿದ ರೊಟ್ಟಿಯ ಗಂಟನ್ನು, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಅವ್ವ ಬುಟ್ಟಿಗಿಳಿಸಿದಳು. ಬಸವಲಿಂಗ ಬ್ಯಾಟರಿ ಕಂಕುಳಲ್ಲಿ ತಂದು, ಕೀಲಿ ತಿರುವಿ ಕೂಡಿಸಿ, ಟೆಂಪೋಗಿಂತ ಬಹಳ ಮೊದಲೇ ಹೊರಟ.

ಲುಲ್ಲಾನಗರದವರೆಗೆ ಸವಾರಿ ರಾಜಯೋಗದಂತಿತ್ತು. ಸ್ಪೀಡ್ ಬ್ರೇಕರು ಕಂಡಲ್ಲಿ ಇಳಿದು, ಹ್ಯಾಂಡಲು ಹಿಡಿದು, ಗಾಡಿಯನ್ನು ಮುದುಕಿಯ ಕೈಹಿಡಿದು ದಾಟಿಸುವಂತೆ ದಾಟಿಸುತ್ತಿದ್ದ. ಹಿಂದಿನವರು ಹಾರ್ನು ಹೊಡೆಯುತ್ತಿದ್ದರು, ಆಮೇಲೆ ಸೀನುತ್ತಿದ್ದರು, ಆಮೇಲೆ ದಾಟಿ ಹೋಗಿ ತಿರುಗಿ ನೋಡುತ್ತಿದ್ದರು. ಫಾತಿಮಾನಗರದ ಬಳಿ ಸೋಲಾಪುರ ರಸ್ತೆ ಹಿಡಿದ. ಎದುರಿಗೆ ರಾಮಟೇಕಡಿಯ ಸೇತುವೆಯ ಏರು. ಬಲಗೈ ತಿರುವಿದ. ಮೋಟರು "ಹ್ಞೂಂ" ಎಂದಿತು. ಇನ್ನಷ್ಟು ತಿರುವಿದ. ಈ ಸಲ ಏನೂ ಅನ್ನಲಿಲ್ಲ. ಹ್ಯಾಂಡಲಿನ ಮೇಲಿನ ಪುಟ್ಟ ದೀಪ ಒಂದೆರಡು ಸಲ ಕಣ್ಣು ಮಿಟುಕಿಸಿ ಮುಚ್ಚಿಕೊಂಡಿತು.

ಬಸವಲಿಂಗನಿಗೆ ತಟ್ಟನೆ ನೆನಪಾಯಿತು. ಬೆಳಗಿನ ಜಾವದ ಅರೆನಿದ್ದೆಯಲ್ಲಿ ಮಿಕ್ಸರಿನ ಸದ್ದು ಕೇಳಿತ್ತು. ಬುತ್ತಿಗೆ ಶೇಂಗಾ ಚಟ್ನಿ. ಅವ್ವ ಚಾರ್ಜರು ಕಿತ್ತಿದ್ದಳು, ಮತ್ತೆ ಹಾಕಿರಲಿಲ್ಲ. ಅವನೂ ನೋಡಿರಲಿಲ್ಲ. ಮೆತ್ತಗಿನ ಟೈರು ಉಳಿದ ಕರೆಂಟನ್ನೂ ಹೀರಿತ್ತು.

ಗೇರು ಒಂದೇ ಇದ್ದರೆ ಕೆಡುವುದೇನು? ಕೆಡುವುದು ಗೇರಲ್ಲ, ಮೊಣಕಾಲು. ಸತ್ತ ಬ್ಯಾಟರಿ, ಸತ್ತ ಮೋಟರು, ಗಾಳಿಯಿಲ್ಲದ ಟೈರು, ಎದುರಿಗೆ ಏರು. ಎದ್ದು ನಿಂತು ತುಳಿದ. ಗಾಡಿ ಓಲಾಡಿ ಬುಟ್ಟಿ ಕುಲುಕಿತು. ಕೂಡಲೇ ಇಳಿದು ನೂಕತೊಡಗಿದ. ಜಗತ್ತಿನಲ್ಲಿ ಯಾರೂ ಮಾಡದ ಸಾಧನೆ ಮಾಡುತ್ತಿದ್ದೇನೆ ಎಂದುಕೊಂಡ: ಸಾಲ ಮಾಡಿ ಕೊಂಡ ಕತ್ತೆಯನ್ನು ತಾನೇ ಹೊತ್ತುಕೊಂಡು ಹೋಗುವುದು.

ಅರ್ಧ ಏರಿನಲ್ಲಿ ಟೆಂಪೋ ಬಂದು ಪಕ್ಕಕ್ಕೆ ನಿಂತಿತು. ಸಾವ್ಕಾರರ ತಲೆ ಹೊರಬಂತು.

"ಯಾಕೋ, ಕತ್ತೆ ಮಲಕೊಂಡತೇನು?"

ಹಿಂದಿನಿಂದ ಅವ್ವನ ತಲೆ: "ರೊಟ್ಟಿ?"

ಮಗ ಬೆವರಿನಲ್ಲಿ ತೊಯ್ದು ನಿಂತಿದ್ದ; ಕೇಳಿದ್ದು ರೊಟ್ಟಿಯನ್ನು. ಅವನು ಬುಟ್ಟಿಯ ಒಳಗೆ ಕೈಹಾಕಿ ಗಂಟನ್ನು ಮೆತ್ತಗೆ ತಡವಿದ. "ಇಡೀ ಅದಾವ ಯವ್ವಾ. ಬ್ಯಾಟರಿ ಮುಗೀತು."

ಶಿವಗಂಗವ್ವನಿಗೂ ಮಿಕ್ಸರು ನೆನಪಾಗಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಬುಟ್ಟಿ ಇತ್ಲಾಗ ಕೊಡೋ," ಎಂದರು ಸಾವ್ಕಾರರು. "ಟೆಂಪೋದಾಗ ಇಡ್ತೀವಿ. ಹೊತ್ತಾಗ್ತದ."

ಅವ್ವ ಟೆಂಪೋದ ತಗಡಿನ ನೆಲ ನೋಡಿದಳು. ಅಲ್ಲಿ ಹಣ್ಣಿನ ಬುಟ್ಟಿ ಬೋರಲಾಗಿ, ಬಾಳೆಹಣ್ಣುಗಳು ಮೂಲೆ ಮೂಲೆ ಸೇರಿದ್ದವು. ಮಗನ ಗಾಡಿ ನೋಡಿದಳು.

"ಬ್ಯಾಡ್ರಿ ಅಣ್ಣಾರ. ಅಂವ ತರ್ತಾನ," ಎಂದಳು. ಆಮೇಲೆ ಮಗನಿಗೆ: "ಸಾವಕಾಶ ಬಾ. ಆರತಿ ತಡಸ್ತೀನಿ."

ಅವಳ ಬಾಯಿಂದ ಗಾಡಿಯ ಪರವಾಗಿ ಬಂದ ಮೊದಲ ಮಾತು ಅದು. ಟೆಂಪೋ ಹಾರುತ್ತ ಹೋಯಿತು. ಬಸವಲಿಂಗ ನೂಕಿದ, ಇಳಿಜಾರು ಬಂದಾಗ ಕೂತ, ಸಮತಟ್ಟಿನಲ್ಲಿ ಗಾಣದೆತ್ತಿನ ಹಾಗೆ ತುಳಿದ. ಪಕ್ಕದಲ್ಲಿ ಪೇರಲ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಮುದುಕನೊಬ್ಬ ಸ್ವಲ್ಪ ದೂರ ಜೊತೆಯಾಗಿ, ಆಮೇಲೆ ಬೇಸರವಾಗಿ ಮುಂದೆ ಹೋಗಿಬಿಟ್ಟ.

ಹಡಪಸರದ ಮನೆ ಮುಟ್ಟಿದಾಗ ಬಾಗಿಲಲ್ಲೇ ಯಮನವ್ವ ನಿಂತಿದ್ದಳು. ನಡುಮನೆಯಲ್ಲಿ ಹೆಂಗಸರು ತುಂಬಿದ್ದರು. ಹಸಿರು ಸೀರೆಯುಟ್ಟ ನೀತಾ ಮಣೆಯ ಮೇಲೆ ಕೂತು ಸಾಕಾಗಿ, ಅಣ್ಣನನ್ನು ಕಂಡು ಬಾಯಿ ಮುಚ್ಚಿ ನಕ್ಕಳು. ಅವನ ಅಂಗಿ ಮೈಗಂಟಿತ್ತು, ಪ್ಯಾಂಟಿನ ತುದಿ ಕಾಲುಚೀಲದೊಳಗಿತ್ತು.

"ಬರ್ರಿ ಬರ್ರಿ," ಎಂದಳು ಯಮನವ್ವ. "ನಮ್ಮ ಸೊಸೀಗೆ ಎಂಟ ತಿಂಗಳ ತುಂಬಿದ ಮ್ಯಾಲ ಬರ್ತೀರಿ ಅನ್ಕೊಂಡಿದ್ದೆ. ಏನ ತಂದೀರಿ, ನೋಡೂಣು."

ಶಿವಗಂಗವ್ವ ಗೋಡೆಗೆ ಒತ್ತಿ ನಿಂತಳು. ಬಸವಲಿಂಗ ಬುಟ್ಟಿಯನ್ನು ನಡುಮನೆಯಲ್ಲಿಟ್ಟು, ಒಂದೊಂದೇ ಗೋಣಿಚೀಲ ಎಳೆದು ಬದಿಗೆ ಹಾಕಿದ. ಅತ್ತ ಮುತ್ತೈದೆಯರಿಬ್ಬರು ಆರತಿ ಎತ್ತಿದರು. ಯಮನವ್ವ ಗಂಟಿನ ಮೇಲೆ ಬಗ್ಗಿ ಧೋತರದ ತುದಿಗೆ ಕೈಹಾಕಿದಳು.

"ಆ... ಆಕ್ಷೀ!"

ಆರತಿ ಅಲ್ಲೇ ನಿಂತಿತು. ಒಂಟಿ ಸೀನು! ಶುಭಕಾರ್ಯ ಶುರುವಾಗುವ ಗಳಿಗೆಯಲ್ಲಿ ಒಂಟಿ ಸೀನು. ಅದೂ ಹಿರಿಯಳದು, ಬಸುರಿಯ ಅತ್ತೆಯದು. ಇನ್ನೊಂದು ಸೀನು ಆಗುವವರೆಗೆ ಆರತಿ ಮುಂದುವರಿಯುವಂತಿಲ್ಲ. ಈ ಕಟ್ಟಳೆಯನ್ನು ಆ ಓಣಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಡೆಸಿಕೊಂಡು ಬಂದವಳು ಯಮನವ್ವನೇ. ಒಂಟಿ ಸೀನಿಗಾಗಿ ಬೇರೆಯವರ ಗೃಹಪ್ರವೇಶವನ್ನೇ ತಡೆದವಳು.

ಎಲ್ಲರೂ ಅವಳ ಮೂಗನ್ನೇ ನೋಡಿದರು. ಅವಳು ತಲೆ ಮೇಲೆತ್ತಿದಳು. ಕಣ್ಣು ಮುಚ್ಚಿದಳು. "ಆ... ಆ..." ಎಂದಳು. ಬರಲಿಲ್ಲ. ಟ್ಯೂಬ್‌ಲೈಟು ನೋಡಿದಳು. ಮೂಗಿನ ನತ್ತು ಅತ್ತಿತ್ತ ಮಾಡಿದಳು. ಬೇಡವೆಂದಾಗ ಬರುವ ಸೀನು ಬೇಕೆಂದಾಗ ಎಂದಾದರೂ ಬಂದದ್ದುಂಟೇ? ನೀತಾಳ ನಗು ಮಾಯವಾಗಿ ಮುಖ ಚಿಕ್ಕದಾಯಿತು. ಶಿವಗಂಗವ್ವನ ಕೈ ಸೆರಗಿನಲ್ಲಿ ಗಂಟಾಯಿತು. ರೊಟ್ಟಿ ಇಡಿಯಾಗಿ ಬಂದು, ಅಪಶಕುನ ಹೊತ್ತು ತಂದಂತಾಯಿತಲ್ಲ!

ಬಸವಲಿಂಗ ಯಮನವ್ವನ ಮೂಗು ನೋಡಿದ. ಕಾಲ ಬಳಿಯ ಗೋಣಿಚೀಲ ನೋಡಿದ. ಸಿಗ್ನಲ್ಲುಗಳಲ್ಲಿ ತನ್ನ ಹಿಂದೆ ಸೀನುತ್ತಿದ್ದ ಪುಣೆ ಶಹರವೆಲ್ಲ ಒಮ್ಮೆಗೇ ಅವನ ಕಣ್ಣಮುಂದೆ ಬಂತು. ಸ್ಕಾರ್ಫಿನ ಹೆಂಗಸು ಹುಡುಕುತ್ತಿದ್ದ ಮನುಷ್ಯ ಯಾರೆಂದು ಅವನಿಗೆ ಆಗ ತಿಳಿಯಿತು.

ಅವನು ಒಂದು ಚೀಲ ಎತ್ತಿದ. ಎರಡೂ ಕೈಯಲ್ಲಿ ತುದಿ ಹಿಡಿದು, ನಡುಮನೆಯ ಮಧ್ಯದಲ್ಲಿ, ಹಾಸಿಗೆ ಝಾಡಿಸುವಂತೆ ಫಟ್ಟೆಂದು ಒಮ್ಮೆ ಝಾಡಿಸಿದ.

ಯಮನವ್ವ ಸೀನಿದಳು. ಮತ್ತೆ ಸೀನಿದಳು. ಆರತಿ ಹಿಡಿದವರು ತಟ್ಟೆ ಕೆಳಗಿಟ್ಟು ಸೀನಿದರು. ಮಾತು ಕಡಿಮೆಯ ಶಿವಪ್ರಕಾಶ ಗೋಡೆ ಹಿಡಿದು, ಮದುವೆಯಾದಂದಿನಿಂದ ಆಡಿದ್ದಕ್ಕಿಂತ ಹೆಚ್ಚು ಸದ್ದು ಮಾಡಿದ. ಹೊರಗೆ ಕೂತ ಗಂಡಸರೂ ಸೀನಿದರು. ಓಣಿಯಲ್ಲಿ ಹೋಗುತ್ತಿದ್ದ ಯಾರೋ ಸೀನಿದರು. ಸೀನದೆ ನಿಂತವರು ಮೂವರೇ: ಸಾವ್ಕಾರರು, ಶಿವಗಂಗವ್ವ, ಬಸವಲಿಂಗ. ಇದೇನು ಈ ಮನೆಯವರಿಗೆಲ್ಲ ಒಮ್ಮೆಗೇ ನೆಗಡಿ ಎಂದು ಸಾವ್ಕಾರರು ಆಶ್ಚರ್ಯದಿಂದ ನೋಡುತ್ತಿದ್ದರು.

"ಸಾಕೋ ತಮ್ಮಾ... ಆಕ್ಷೀ!... ಸಾಕು! ಜೋಡ ಆತು, ಜೋಡಕ್ಕ ಜೋಡ ಆತು. ಎತ್ತರ್ರಿ ಆರತಿ!" ಎಂದು ಯಮನವ್ವ ಕಣ್ಣೊರೆಸಿಕೊಂಡಳು.

ನೀತಾ ಸೀನುತ್ತ ನಗುತ್ತ, ಹೊಸ ಬಳೆಗಳೆಲ್ಲ ಗಲಗಲ ಎನ್ನುತ್ತಿರುವಾಗಲೇ ಆರತಿ ಆಯಿತು. ಆಮೇಲೆ ಯಮನವ್ವ ಗಂಟು ಬಿಚ್ಚಿದಳು. ಮೇಲಿನ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. ಕೆಳಗಿನದನ್ನು ಎತ್ತಿದಳು. ನಡುವಿನಿಂದ ಒಂದನ್ನು ಎಳೆದಳು. ಎಲ್ಲವೂ ಹುಣ್ಣಿಮೆಯ ಚಂದ್ರನ ಹಾಗೆ ಗುಂಡಗೆ, ಅಂಚು ಕೂಡ ಮುಕ್ಕಾಗದೆ ಇದ್ದವು. ಚಂದ್ರನ ಮೇಲೆ ತುಸು ಕೆಂಪು ದೂಳಿತ್ತು, ಅಷ್ಟೇ. ಅವಳು ಶಿವಗಂಗವ್ವನ ಕಡೆ ತಿರುಗಿದಳು.

"ರೊಟ್ಟಿ ಇಡೀ ಅದಾವ ನೋಡ್ರಿ ಬೀಗ್ತಿ," ಎಂದಳು. ತುಸು ತಡೆದು, "ಬಡಿಯೂಮುಂದ ಖಾರ ಒಂದೀಟ ಹೆಚ್ಚಾಗೇದ."

ಶಿವಗಂಗವ್ವ ನಕ್ಕಳು. ನಿಶ್ಚಯದ ದಿನದಿಂದ ಗಂಟಲಲ್ಲಿದ್ದ ಚೂರು ಕೆಳಗಿಳಿಯಿತು.

ನೀತಾ ಯಾರ ಅಪ್ಪಣೆಗೂ ಕಾಯದೆ ಒಂದು ರೊಟ್ಟಿ ಎಳೆದುಕೊಂಡು ಮುರಿದಳು. ಮೂಗಿನ ಬಳಿ ಹಿಡಿದಳು. "ಯವ್ವಾ, ಅಪ್ಪನ ಅಂಗಿ ವಾಸನಿ ಬರ್ತದ," ಎಂದಳು. "ಎಷ್ಟ ದಿನಾ ಆಗಿತ್ತು ಇದನ್ನ ತಿನ್ನಬೇಕನಿಸಿ. ಏನಂತ ಗೊತ್ತ ಆಗಿದ್ದಿಲ್ಲ ನೋಡು." ಅದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಚಾಚಿದಳು. ಸಾವ್ಕಾರರು ಕಿಟಕಿಯ ಕಡೆ ನೋಡುತ್ತ, ತಮಗೂ ಸೀನು ಬಂದಿತೇನೋ ಎಂಬಂತೆ ಮೂಗು ಒರೆಸಿಕೊಂಡರು.

ಊಟವಾಗಿ ಹೊರಡುವ ಹೊತ್ತಿಗೆ ಬಸವಲಿಂಗ ಸತ್ತ ಬ್ಯಾಟರಿ ಕಂಕುಳಲ್ಲಿಟ್ಟುಕೊಂಡು ಸಂಕೋಚದಿಂದ ನಿಂತಿದ್ದ. ಯಮನವ್ವ ಅದನ್ನು ನೋಡಿ ತನ್ನ ದೊಡ್ಡ ಟಿವಿಯ ಪ್ಲಗ್ಗು ಕಿತ್ತಳು.

"ಇಲ್ಲೆ ಹಾಕು. ಹೊಟ್ಟಿ ತುಂಬ ಕುಡೀಲಿ," ಎಂದಳು. "ಬಾಣಂತಿ ಖಾರದ ಪುಡಿ, ಅಂಟಿನ ಉಂಡಿ, ಎಲ್ಲಾ ಇದರ ಮ್ಯಾಲ ಬರ್ಲಿ. ಚೀಲ ಮಾತ್ರ ಮನ್ಯಾಗ ಬಿಟ್ಟ ಬಾ."

ಭಂಗಾರವಾಲಾನ ಮಾತು ಯಾರೂ ಎತ್ತಲಿಲ್ಲ. ಸಾವ್ಕಾರರು ಮಾತ್ರ ಟೆಂಪೋ ಹತ್ತುವಾಗ ಗಾಡಿಯ ಸೀಟನ್ನು ಒಮ್ಮೆ ತಟ್ಟಿ ಹೋದರು, ಒಳ್ಳೆಯ ಎತ್ತನ್ನು ತಟ್ಟುವ ಹಾಗೆ.

ಮರುದಿನ ಬೆಳಿಗ್ಗೆ ಬಸವಲಿಂಗನಿಗೆ ಎಚ್ಚರವಾದದ್ದು ಮಿಕ್ಸರಿನಿಂದಲ್ಲ. ಧಡ್ ಧಡ್ ಎಂದು ಬೇರೇನೋ ಸದ್ದು. ಎದ್ದು ಹೋಗಿ ನೋಡಿದ. ಪ್ಲಗ್ಗಿನಲ್ಲಿ ಚಾರ್ಜರು ಇತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು. ಅವ್ವ ನೆಲದ ಮೇಲೆ ಕಾಲು ಚಾಚಿ ಕೂತು, ಅಟ್ಟದಿಂದ ಇಳಿಸಿದ ಹಳೆಯ ಒರಳಿನಲ್ಲಿ ಶೇಂಗಾ ಕುಟ್ಟುತ್ತಿದ್ದಳು.

"ಮಿಕ್ಸರ್ ಕೆಟ್ಟದೇನ ಯವ್ವಾ?"

"ಇಲ್ಲ," ಎಂದಳು ಅವ್ವ, ಕೈ ನಿಲ್ಲಿಸದೆ. "ನಿನ್ನ ಗಾಡೀದ ಊಟ ನಡದದ. ಮುಗೀಲಿ."